ಕಾದಂಬರಿಯೊಳಗಿನ ಹೊಂಗೆ ಮರ

ಪೇಟೆ ಬೀದಿಯ ಹೊಂಗೆ ಮರದಲ್ಲಿ ಒಂದು ಕಾಗೆ ಗೂಡು ಕಟ್ಟಿಕೊಂಡಿತ್ತು. ಅದೇ ಮರದಲ್ಲಿ ಒಬ್ಬ ಯಕ್ಷಿಣಿಯೂ ಇದ್ದಳು. ಅವಳನ್ನು ಅಲ್ಲಿ ತಂದು ಕೂರಿಸಿದವನು ಒಬ್ಬ ಕಾದಂಬರಿಕಾರ. ಪುಸ್ತಕ ಓದಿದವರು ಹುಡುಕಿಕೊಂಡು ಬಂದು, ಕೊಂಬೆಗಳತ್ತ ನೋಡಿ, ಮೈ ಜುಮ್ಮೆನ್ನಿಸಿಕೊಂಡು ಹೋಗುತ್ತಿದ್ದರು.

"ಇವರ ಕಾಟಕ್ಕೆ ನೆಮ್ಮದಿಯಾಗಿ ಕಾವು ಕೂರಲೂ ಆಗುತ್ತಿಲ್ಲ" ಎಂದಿತು ಕಾಗೆ. "ಇಲ್ಲದ ಊರಿನಲ್ಲಿ ಇಲ್ಲದ ಮರವೊಂದನ್ನು ಅವನು ನಿನಗೆ ಕಲ್ಪಿಸಿಕೊಡಬಹುದಿತ್ತಲ್ಲ, ತಾಯಿ?"

"ಇಲ್ಲದ ಮರದ ಕೆಳಗೆ ಯಾರು ಬಂದು ಹೆದರುತ್ತಾರೆ? ಮರ ನಿಜವಾದ್ದರಿಂದಲೇ ನನ್ನನ್ನು ನಂಬುತ್ತಾರೆ" ಎಂದಳು ಯಕ್ಷಿಣಿ.

ಆಮೇಲೊಂದು ದಿನ ರಸ್ತೆ ಅಗಲ ಮಾಡುವವರು ಬಂದರು. ಮಧ್ಯಾಹ್ನದೊಳಗೆ ಮರ ಉರುಳಿತು. ಗೂಡು ಡಾಂಬರಿನ ಮೇಲೆ ಬಿದ್ದು ಮೊಟ್ಟೆಗಳೆಲ್ಲ ಒಡೆದುಹೋದವು. ಕೂಗಿ ಕೂಗಿ ಸೋತ ಕಾಗೆ ಉಳಿದ ಬುಡದ ಮೇಲೆ ಬಂದು ಕೂತಿತು. ಯಕ್ಷಿಣಿ ಎದ್ದು ನಿಂತಿದ್ದಳು.

"ಎಲ್ಲಿಗೆ ಹೊರಟೆ, ತಾಯಿ?"

"ಪುಸ್ತಕದೊಳಕ್ಕೆ. ಅಲ್ಲಿ ಮರ ಹಾಗೇ ನಿಂತಿದೆ. ಅದನ್ನು ಯಾರೂ ಕಡಿಯಲಾರರು."

"ಇದೇ ಮರವೇ?"

"ಇದೇ. ಬೀದಿಗೆ ಬಾಗಿದ ಆ ಕೊಂಬೆಯೂ ಇದೆ."

ಕಾಗೆಗೆ ಹೋದ ಜೀವ ಬಂದಂತಾಯಿತು. "ಹಾಗಾದರೆ ನನ್ನನ್ನೂ ಕರೆದುಕೊಂಡು ಹೋಗು. ಆ ಕೊಂಬೆಯ ಕವಲಿನಲ್ಲೇ ನನ್ನ ಗೂಡಿದ್ದದ್ದು. ಅಲ್ಲಿ ನನ್ನ ಮೊಟ್ಟೆಗಳು ಇನ್ನೂ ಒಡೆದಿರುವುದಿಲ್ಲ."

ಯಕ್ಷಿಣಿ ಬಗ್ಗಿ ಕಾಗೆಯ ಬೆನ್ನು ಸವರಿದಳು.

"ಆ ಕೊಂಬೆಯ ಮೇಲೆ ನಾನು ಕೂತಿದ್ದೇನೆ ಎಂದಷ್ಟೇ ಅವನು ಬರೆದ" ಎಂದಳು. "ನಿನ್ನ ಗೂಡನ್ನು ಬರೆಯಲಿಲ್ಲ, ಕಾಗಮ್ಮ."