ಸುಮ್ಮನಕಟ್ಟೆ

ಹಿರೇಮಡಿಕೆಯ ಕೆರೆ ಏರಿ ಮುಗಿಯುವಲ್ಲಿ, ಹಳೆಯ ಬೇವಿನ ಮರದ ಬುಡಕ್ಕೆ, ಸೊಂಟದೆತ್ತರದ ಒಂದು ಕಟ್ಟೆ ಇದೆ. ಅದರ ನಡುವೆ ಆಳೆತ್ತರದ ಕಪ್ಪುಕಲ್ಲು. ಕಲ್ಲಿನ ಮೇಲೆ ಹ್ಯಾಟು ತೊಟ್ಟ ಒಬ್ಬ ಮನುಷ್ಯ, ಅವನ ಪಕ್ಕಕ್ಕೊಂದು ಡೊಳ್ಳು. ಅಕ್ಷರ ಒಂದೂ ಇಲ್ಲ. ಬಳ್ಳಾರಿ ಕಡೆಯಿಂದ ಬರುವವರು ಕಾರು ನಿಲ್ಲಿಸಿ, ‘ಸುಮ್ಮನಕಟ್ಟೆ’ ಎಂಬ ಫಲಕ ಓದಿ, ಓಹೋ, ಸುಮ್ಮನೆ ಕೂರುವ ಕಟ್ಟೆ ಎಂದುಕೊಂಡು ಹತ್ತಿ ಕೂತು ಶೇಂಗಾ ಸುಲಿಯುತ್ತಾರೆ. ಸಿಪ್ಪೆಯನ್ನೂ ಅಲ್ಲೇ ಚೆಲ್ಲುತ್ತಾರೆ. ಕಂಡಾಗಲೆಲ್ಲ ನನಗೆ ಮೈಯುರಿಯುತ್ತದೆ. ಏಳಿ ಸ್ವಾಮಿ, ಇದು ನಮ್ಮ ನೇಕಾರ ಕೇರಿಯವರು ತಮ್ಮ ತಪ್ಪಿಗೆ ಕಟ್ಟಿಕೊಂಡ ಕಟ್ಟೆ ಎಂದು ಎಬ್ಬಿಸಿ, ಈ ಕಥೆ ಹೇಳಿಯೇ ಕಳಿಸುತ್ತೇನೆ.

ಹಿಂದೆ, ಕುಂಪಣಿ ಸರ್ಕಾರದ ಕಾಲದಲ್ಲಿ, ನಮ್ಮ ಕೇರಿಯ ದೇವತೆ ಮಗ್ಗದಮ್ಮನನ್ನು ವರ್ಷಕ್ಕೊಮ್ಮೆ ಕೆರೆಗೆ ಒಯ್ಯಬೇಕಿತ್ತು. ಇದ್ದದ್ದೊಂದೇ ಹಾದಿ, ಅದೂ ಊರಗೌಡರ ಗುಡಿಯ ಮುಂದೆ. ನಿಮ್ಮ ಡೊಳ್ಳಿನ ಸದ್ದು ನಮ್ಮ ದೇವರಿಗೆ ಆಗಿಬರುವುದಿಲ್ಲ ಎಂದು ಗೌಡರ ಕಟ್ಟಪ್ಪಣೆ. ಹಾಗಾಗಿ ತಾಯಿಯನ್ನು ಕದ್ದ ಮಾಲಿನ ಹಾಗೆ ಕಂಬಳಿಯಲ್ಲಿ ಸುತ್ತಿ ಒಯ್ಯುತ್ತಿದ್ದರಂತೆ. ಆ ಸೀಮೆಗೆ ಮೆಲ್ಲರ್ ಎಂಬ ದೊರೆ ಬಂದ. ಕನ್ನಡವನ್ನು ಅಳೆದು ತೂಗಿ ಆಡುತ್ತಿದ್ದನಾದ್ದರಿಂದ ಜನರ ಬಾಯಲ್ಲಿ ಮೆಲ್ಲಯ್ಯನಾದ. ಕೇರಿಯ ಹಿರಿಯ ಕಾಡಸಿದ್ದಪ್ಪ, ಅವನ ಹೆಂಡತಿ ಸಂಕಮ್ಮ, ಇಬ್ಬರೂ ಅವನ ಡೇರೆಗೆ ಹೋಗಿ, “ಬುದ್ಧೀ, ನಮ್ಮ ತಾಯಿಯೂ ತಲೆಯೆತ್ತಿ ನಡೆಯಬೇಕು” ಎಂದು ಕಾಲಿಗೆ ಬಿದ್ದರು. ಯಾರ ದೇವರಿಗೂ ಯಾರೂ ಅಡ್ಡ ನಿಲ್ಲಕೂಡದೆಂದು ಮೆಲ್ಲಯ್ಯ ಹುಕುಂ ಹೊರಡಿಸಿದ. ಮೊದಲ ವರ್ಷ ಡೊಳ್ಳಿನ ಪಕ್ಕದಲ್ಲಿ ತಾನೇ ನಡೆದ ಎನ್ನುತ್ತಾರೆ. ಮೂರು ವರ್ಷ ಕೇರಿಯ ಹೆಂಗಸರು ಆ ಹಾದಿಯಲ್ಲಿ ಕುಣಿದುಕೊಂಡು ಹೋದರು.

ಗೌಡರು ಬಿಟ್ಟಾರೆಯೇ? ಈ ದೊರೆ ತಾನಾಗಿ ಬಂದು ತೆಪ್ಪಗಿದ್ದ ಜನರನ್ನು ಎತ್ತಿಕಟ್ಟಿದ ಎಂದು ಮದರಾಸಿಗೆ ಅರ್ಜಿ ಹೋಯಿತು. ವಿಚಾರಣೆಗೆ ಇನ್ನೊಬ್ಬ ದೊಡ್ಡ ದೊರೆ ಬರುವುದಾಯಿತು. ಹಿಂದಿನ ದಿನ ಮಧ್ಯಾಹ್ನ ಗೌಡರು ತಾವಾಗಿಯೇ ಕಾಡಸಿದ್ದಪ್ಪನ ಮನೆಗೆ ಬಂದು ಚಾಪೆಯ ಮೇಲೆ ಕೂತರು. ಇಲ್ಲಿ ನಮ್ಮ ಕೇರಿಯ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ಸುಮ್ಮನಿದ್ದರೆ ‘ಇಲ್ಲ’ ಎಂದರ್ಥ. ಹೆಣ್ಣು ಕೇಳಲು ಬಂದವರ ಮುಂದೆ ಮನೆಯ ಹಿರಿಯ ಬಾಯಿ ಬಿಡದಿದ್ದರೆ ಅವರು ನೀರು ಕುಡಿದು ಎದ್ದು ಹೋಗಬೇಕು. ಗೌಡರಿಗೆ ಇದು ಚೆನ್ನಾಗಿ ಗೊತ್ತಿತ್ತು. “ನೋಡು ಸಿದ್ದಪ್ಪ, ನಾಳೆ ಏನೇ ಕೇಳಲಿ, ಸುಮ್ಮನಿದ್ದುಬಿಡಿ. ನಿಮ್ಮ ರೂಢಿಯಲ್ಲಿ ಅದು ಇಲ್ಲವೆಂದೇ ತಾನೆ? ದೊರೆಗೂ ಕೆಡುಕಿಲ್ಲ, ನನ್ನ ಮಾನವೂ ಉಳಿಯುತ್ತದೆ. ಡೊಳ್ಳಿಗೆ ನಾನು ಇನ್ನು ಅಡ್ಡ ಬರುವುದಿಲ್ಲ, ಗುಡಿಯಾಣೆ” ಎಂದರು. ಗೌಡರನ್ನು ಎದುರು ಹಾಕಿಕೊಂಡು ಬದುಕುವುದೆಲ್ಲಿ? ಕೇರಿ ನಂಬಿತು. ನಂಬಲಿಕ್ಕೆ ಅನುಕೂಲವಾಗಿತ್ತು, ನಂಬಿತು.

ಮರುದಿನ ಇದೇ ಬೇವಿನ ಕೆಳಗೆ ಕಚೇರಿ ಸೇರಿತು. ದೊಡ್ಡ ದೊರೆಯ ಮಾತನ್ನು ಶಿರಸ್ತೇದಾರ ಕನ್ನಡದಲ್ಲಿ ಕೇಳಿದ: “ಮೆಲ್ಲರ್ ದೊರೆಗಳು ತಾವಾಗಿ ಬಂದು ನಿಮ್ಮನ್ನು ಎತ್ತಿಕಟ್ಟಿದರೇ?” ಎಪ್ಪತ್ತು ಮನೆಯವರು ತುಟಿ ಬಿಚ್ಚಲಿಲ್ಲ. ಎರಡನೆಯ ಸಲ ಕೇಳಿದ. ಆಗಲೂ ಬಿಚ್ಚಲಿಲ್ಲ. ಆಗ ಮೆಲ್ಲಯ್ಯನೇ ಎದ್ದು ಬಂದು, “ಕಾಡಸಿದ್ದಪ್ಪ, ನೀವೇ ನನ್ನ ಡೇರೆಗೆ ಬಂದಿರಿ. ಅಷ್ಟು ಹೇಳಿ, ಸಾಕು” ಎಂದನಂತೆ. ಕಾಡಸಿದ್ದಪ್ಪ ಗೌಡರ ಮುಖ ನೋಡಿದ, ಆಮೇಲೆ ನೆಲ ನೋಡಿದ. ಶಿರಸ್ತೇದಾರ ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಗಟ್ಟಿಯಾಗಿ ಹೇಳಿ, ಊರೆಲ್ಲ ಒಪ್ಪಿಕೊಂಡಿತೆಂದು ಬರೆದುಕೊಂಡ.

ಮೆಲ್ಲಯ್ಯನ ಅಧಿಕಾರ ಹೋಯಿತು. ಅವನ ಹುಕುಮೂ ರದ್ದಾಯಿತು. ಕಂಗಾಲಾಗಿ ಓಡಿಬಂದ ಕಾಡಸಿದ್ದಪ್ಪನಿಗೆ ಗೌಡರು ಎಲೆಯಡಿಕೆ ಮೆಲ್ಲುತ್ತ, “ನಾನೆಲ್ಲಿ ಅಡ್ಡ ಬಂದೆನಪ್ಪಾ? ಸರ್ಕಾರದ ಮುಂದೆ ನೀವೇ ಒಪ್ಪಿಕೊಂಡಿರಲ್ಲ!” ಎಂದರು. ಮನೆಗೆ ಬಂದರೆ ಸಂಕಮ್ಮ, “ಅವರು ನಿಮಗೆ ಮೋಸ ಮಾಡಿದರು, ಸರಿ. ನಾವೇ ಹೋಗಿ ಕರೆತಂದ ದೊರೆಗೆ ಮೋಸ ಮಾಡಿದವರು ಯಾರು? ಬಾಯಿಗೇನು ಬೀಗ ಬಿದ್ದಿತ್ತೇ?” ಎಂದಳು. ಊರಿಗೆ ಹೊರಟ ಮೆಲ್ಲಯ್ಯ ಹಡಗಿನಲ್ಲೇ ತೀರಿಕೊಂಡ ಸುದ್ದಿ ಬಂದಾಗ ಈ ಕಲ್ಲು ನಿಲ್ಲಿಸಿದವಳೂ ಅವಳೇ. ಹೆಸರು ಕೆತ್ತಿಸೋಣವೆಂದರೆ, ಬಾಯಲ್ಲಿ ಹೇಳಲಾರದವರು ಕಲ್ಲಲ್ಲಿ ಯಾಕೆ ಹೇಳುತ್ತೀರಿ ಎಂದು ಬಿಡಲಿಲ್ಲವಂತೆ. ಸುಮ್ಮನಿದ್ದವರ ಕಟ್ಟೆ ಎಂದು ಗೌಡರ ಕಡೆಯವರು ಆಡಿಕೊಂಡರು. ಆ ಹೆಸರೇ ಸವೆದು ಸುಮ್ಮನಕಟ್ಟೆಯಾಯಿತು.

ಡೊಳ್ಳು ತಿರುಗಿ ಆ ಹಾದಿ ಹಿಡಿದದ್ದು ಎರಡು ತಲೆಮಾರು ಕಳೆದ ಮೇಲೆ. ಯುಗಾದಿಯ ಮರುವಾರ ಬಂದರೆ ಈಗಲೂ ನೋಡಬಹುದು: ತಾಯಿ ಕಟ್ಟೆಯ ಮುಂದೆ ನಿಲ್ಲುತ್ತಾಳೆ, ಡೊಳ್ಳು ನಿಲ್ಲುತ್ತದೆ. ಕೇರಿಯ ಹಿರಿಯ ಮುಂದೆ ಬಂದು ಕಲ್ಲಿಗೆ ಕೈಮುಗಿದು, “ಇಲ್ಲ! ಅವರು ಎತ್ತಿಕಟ್ಟಲಿಲ್ಲ. ನಾವೇ ಕೇಳಿಕೊಂಡೆವು!” ಎಂದು ಮೂರು ಸಲ ಕೂಗಬೇಕು. ಒಂಬತ್ತು ವರ್ಷದಿಂದ ಕೂಗುತ್ತಿರುವವನು ನಾನು, ಕಾಡಸಿದ್ದಪ್ಪನ ಮರಿಮಗನ ಮಗ. ಕೂಗಿದ ಮೇಲೆ ಎಲ್ಲರೂ ಒಂದು ಗಳಿಗೆ ಕಾಯುತ್ತೇವೆ. ಬರೆದುಕೊಳ್ಳುವವರು ಯಾರೂ ಇರುವುದಿಲ್ಲ.