ಮಂಚಮ್ಮನ ಗದ್ದೆಯ ಕಳೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ಕೇಳಿದ್ರೆ ಇಲ್ಲಿಗೇ ನಿಲ್ಲಿಸಿ ಗೋಡೆ ಕಡೆ ತಿರುಗಿ ಮಲಗಿಬಿಡ್ತೀನಿ, ಒಂದೂರಲ್ಲಿ ಮಂಚಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ಇಲ್ಲ. ಕೆರೆ ಕೆಳಗೆ ಒಂದೇ ಒಂದು ಗದ್ದೆ, ಮನೇಲಿ ಮೂರು ಜನ ಗಂಡುಮಕ್ಕಳು, ದೊಡ್ಡಬೋರ, ಕೆಂಚ, ಜವರ. ಮೂವರೂ ಬಾಗಿಲಿಗೆ ತಲೆ ತಾಗೋವಷ್ಟು ಎತ್ತರ, ತಿನ್ನೋದ್ರಲ್ಲಿ ಯಾರೂ ಯಾರಿಗೂ ಕಮ್ಮಿ ಇಲ್ಲ. ಆ ಗದ್ದೇಲಿ ಬೆಳೆದ ಭತ್ತವೇ ನಾಲ್ಕು ಹೊಟ್ಟೆಗೂ ವರ್ಷದ ಅನ್ನ. ಅದು ಕೈಕೊಟ್ರೆ ಉಪವಾಸವೇ.

ಆ ಊರಲ್ಲಿ ಒಂದು ಪದ್ಧತಿ. ಉಳೋದು ಗಂಡಸರು, ಕಳೆ ಕೀಳೋದು ಹೆಂಗಸರು. ಕಳೆ ಕೀಳೋಕೆ ಬಗ್ಗಿದ್ರೆ ಗಂಡಸರ ಸೊಂಟ ಮುರಿದು ಬೀಳುತ್ತೆ ಅಂದ್ಕೊಂಡಿದ್ರೋ ಏನೋ, ಒಬ್ಬನೂ ಬಗ್ತಿರಲಿಲ್ಲವಂತೆ. ಇನ್ನೊಂದು ಏನಪ್ಪಾ ಅಂದ್ರೆ, ಕೆರೆ ನೀರನ್ನ ಸರದಿ ಪ್ರಕಾರ ಬಿಡೋ ನೀರುಗಂಟಿ ತಮ್ಮಯ್ಯ, ಕಳೆ ಇರೋ ಗದ್ದೆಗೆ ಒಂದು ಹನಿ ನೀರೂ ಬಿಡ್ತಿರಲಿಲ್ಲ. ಕಳೆ ಬೀಜ ನೀರಲ್ಲಿ ತೇಲಿ ಕೆಳಗಿನವರ ಗದ್ದೆ ಸೇರುತ್ತಲ್ಲ, ಅದಕ್ಕೆ.

ಆ ವರ್ಷ ನೀರಿನ ಸರದಿಗೆ ಇನ್ನು ಮೂರು ದಿನ ಇದೆ ಅನ್ನುವಾಗ ಮಂಚಮ್ಮ ಬದು ಮೇಲೆ ಜಾರಿಬಿದ್ದು ಕಾಲು ಉಳುಕಿಸಿಕೊಂಡಳಂತೆ. ಪಾದ ಕುಂಬಳಕಾಯಿ ಹಾಗೆ ಊದಿತು. ಗದ್ದೆ ನೋಡಿದ್ರೆ ಆಗಲೇ ಬಿರುಕು ಬಿಡ್ತಾ ಇದೆ. ಊರಿನ ಹೆಂಗಸರೆಲ್ಲ ಅವರವರ ಗದ್ದೇಲಿ ಬಗ್ಗಿದ್ರು, ಅವರಿಗೂ ಅದೇ ಸರದಿ. ಆಮೇಲೆ ವಿಧಿ ಇಲ್ಲದೆ ದೊಡ್ಡಬೋರನ್ನ ಕರೆದು, ಹೋಗಪ್ಪಾ, ಕಳೆ ಕಿತ್ತು ಬಾ ಅಂದಳಂತೆ. ಕಳೆ ಅಂದ್ರೆ ಯಾವುದವ್ವಾ ಅಂದ ಅವನು. ಅಯ್ಯೋ, ಅಷ್ಟೂ ಗೊತ್ತಿಲ್ವೇನೋ, ಹುಲ್ಲು ಕಣೋ, ಹುಲ್ಲು ಕಂಡ್ರೆ ಕಿತ್ತು ಹಾಕು ಅಂದಳು.

ಹೋದ. ನೋಡಿದ. ಹಸಿರಾಗಿದೆ, ಉದ್ದಕ್ಕಿದೆ, ಗಾಳಿಗೆ ಬಳುಕುತ್ತೆ, ಹುಲ್ಲಲ್ಲದೆ ಇನ್ನೇನು ಅಂತ ಒಂದು ಮೂಲೆಯಿಂದ ಶುರುಮಾಡಿ ಸಿಕ್ಕಿದ್ದೆಲ್ಲ ಕೀಳ್ತಾ ಬಂದನಂತೆ. ಸಾಯಂಕಾಲ ಒಂದು ಹೊರೆ ತಂದು ಅಂಗಳದಲ್ಲಿ ಹಾಕಿ, ಎದೆ ಉಬ್ಬಿಸಿ ನಿಂತ. ಮಂಚಮ್ಮ ನೋಡ್ತಾಳೆ, ಹೊರೆ ತುಂಬ ಭತ್ತದ ಪೈರು! ಎದೆ ಎದೆ ಬಡ್ಕೊಂಡಳಂತೆ. ಇದು ಭತ್ತ ಕಣೋ ಅಂದ್ರೆ, ಭತ್ತವೂ ಹುಲ್ಲೇ ಅಲ್ವೇನವ್ವಾ ಅಂದ. ಅದೇನು ಸುಳ್ಳಲ್ಲ, ನೋಡು. ಭತ್ತ ಹುಲ್ಲಿನ ಜಾತಿಯೇ, ರಾಗಿಯೂ ಅಷ್ಟೇ, ಕಬ್ಬೂ ಅಷ್ಟೇ, ಹುಲ್ಲಿನ ಸಂಸಾರ ದೊಡ್ಡದು. ಆದ್ರೆ ಬರೀ ಹುಲ್ಲು ಅಂದುಬಿಟ್ರೆ ಯಾವ ಹುಲ್ಲು ಅಂತ ಹೇಳಿದ ಹಾಗಾಯ್ತಾ? ನೀನು ನಗಬೇಡ. ನಿನ್ನೆ ಸೊಪ್ಪು ಬಿಡಿಸ್ಕೊಂಡು ಬಾ ಅಂದ್ರೆ ಕನಕಾಂಬರದ ಎಲೆ ತಂದುಕೊಟ್ಟವಳು ನೀನು.

ಮಾರನೇ ದಿನ ಕೆಂಚನ ಸರದಿ. ಈ ಸಲ ಮಂಚಮ್ಮ ಜಾಣೆ ಆದಳಂತೆ. ಭತ್ತ ಹೇಗಿರುತ್ತೆ ಅಂತ ಹೇಳ್ತೀನಿ ಕೇಳು, ಹಾಗಿರೋದನ್ನ ಬಿಡು, ಮಿಕ್ಕಿದ್ದು ಕೀಳು ಅಂದಳು. ಬುಡದಲ್ಲಿ ನಾಲ್ಕಾರು ಕವಲು, ಉದ್ದ ಎಲೆ, ಚೂಪು ತುದಿ, ಎಲೆ ಮೇಲೆ ಉದ್ದುದ್ದ ಗೆರೆ. ಕೆಂಚ ಬೆರಳು ಮಡಿಸಿ ಮಡಿಸಿ ಬಾಯಿಪಾಠ ಮಾಡ್ಕೊಂಡು ಹೋದ. ಒಂದೊಂದು ಗಿಡದ ಮುಂದೂ ಕೂತ. ಕವಲು ಇದೆ, ಎಲೆ ಉದ್ದ ಇದೆ, ಗೆರೆ ಇದೆ, ಬಿಟ್ಟ. ಮುಂದಿನದು ನೋಡಿದ, ಅದಕ್ಕೂ ಇದೆ, ಬಿಟ್ಟ. ಆ ಕಳೆ ಎಂಥಾ ಕಳ್ಳ ಅಂದ್ರೆ, ತೆನೆ ಬರೋವರೆಗೂ ಭತ್ತದ ಒಡಹುಟ್ಟಿದ ತಂಗಿ ಹಾಗೇ ಇರುತ್ತೆ. ಸಾಯಂಕಾಲ ಬರಿಗೈಲಿ ಬಂದು, ಅವ್ವಾ, ನಮ್ಮ ಗದ್ದೇಲಿ ಕಳೆಯೇ ಇಲ್ಲ ಅಂದನಂತೆ. ಮಂಚಮ್ಮ ಕೈಗೆ ಸಿಕ್ಕ ಮೊರ ತಗೊಂಡು ಬೀಸಿದಳು. ಒಬ್ಬ ಎಲ್ಲಾ ಕಿತ್ತ, ಒಬ್ಬ ಏನೂ ಕೀಳಲಿಲ್ಲ, ಇಬ್ಬರೂ ಸೇರಿ ನನ್ನ ಪ್ರಾಣ ತೆಗೀತಿದೀರಲ್ರೋ ಅಂದಳು.

ಮೂರನೇ ದಿನ ಜವರ. ಇವನೋ ಹೊರಡಲೇ ಇಲ್ಲ. ಅವ್ವಾ, ಎರಡಕ್ಕೂ ಇರೋದನ್ನ ಹೇಳಬೇಡ, ಭತ್ತಕ್ಕೆ ಇದ್ದು ಕಳೆಗೆ ಇಲ್ಲದ್ದು ಏನು, ಅದೊಂದು ಹೇಳು ಸಾಕು ಅಂದ.  ನೋಡಿದ್ರೆ ಗೊತ್ತಾಗುತ್ತೆ ಕಣೋ ಅಂದಳು ಮಂಚಮ್ಮ. ನನಗೆ ಗೊತ್ತಾಗಲ್ಲವಲ್ಲ ಅಂದ. ಮೂವತ್ತು ವರ್ಷದಿಂದ ಕೀಳ್ತಿದೀನಿ, ನನಗೇ ಪಾಠ ಹೇಳ್ತೀಯಾ ಅಂತ ಕೂಗಿದಳಂತೆ. ಕೂಗಿದ್ದು ಮಗನ ಮೇಲೆ, ಸಿಟ್ಟು ಬಂದಿದ್ದು ತನ್ನ ಮೇಲೇ. ನಿಜವಾಗ್ಲೂ ಅವಳಿಗೆ ಹೇಳೋಕೆ ಬರ್ತಿರಲಿಲ್ಲ. ಹೇಳೋಕೆ ಬರದೆ ಅಳು ಬಂತಂತೆ ಪಾಪ.

ಆಮೇಲೆ ಜವರ ಅವ್ವನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಬದು ಮೇಲೆ ಕೂರಿಸಿದನಂತೆ. ಕಣ್ಣು ಮುಚ್ಚವ್ವಾ ಅಂದು ಒಂದು ಗಿಡ ಕಿತ್ತು ಕೈಗೆ ಕೊಟ್ಟ. ಕಳೆ ಅಂದಳು. ಇನ್ನೊಂದು ಕೊಟ್ಟ. ಭತ್ತ, ಇದನ್ನ ಯಾಕೋ ಕಿತ್ತೆ ಮುಂಡೇದೇ ಅಂದಳು. ಮೂರನೇದು ಕೊಟ್ಟು ಅವಳ ಕೈಯನ್ನೇ ನೋಡ್ತಾ ಕೂತ. ಅವಳ ಹೆಬ್ಬೆರಳು ಎಲೆ ಮೇಲಿಂದ ಕೆಳಕ್ಕೆ ಜಾರಿ, ಎಲೆ ಕಾಂಡಕ್ಕೆ ಸೇರೋ ಸಂದಿಗೆ ಹೋಗಿ ಒಂದು ಸಲ ಉಜ್ಜಿತು. ತಡಿ ಅವ್ವಾ, ಅಲ್ಲೇನಿದೆ ಅಂದ. ಕಣ್ಣುಬಿಟ್ಟು ನೋಡಿದಳು. ಭತ್ತದ ಸಂದಿನಲ್ಲಿ ಪುಟಾಣಿ ಬಿಳಿ ನಾಲಗೆ ಥರ ಒಂದು ಪೊರೆ, ಎರಡೂ ಪಕ್ಕ ನವಿರು ಕೂದಲು. ಕಳೆಯ ಸಂದು ನುಣ್ಣಗೆ ಬೋಳು. ಅಷ್ಟೇ! ಅಯ್ಯೋ ಶಿವನೇ, ಬೆರಳಿಗೆ ಗೊತ್ತಿತ್ತು, ನನಗೇ ಗೊತ್ತಿರಲಿಲ್ವಲ್ಲೋ ಅಂದಳಂತೆ.

ಆಮೇಲೆ ಕೇಳಬೇಕಾ? ಮೂವರೂ ಗದ್ದೆಗಿಳಿದು, ಸಂದು ನೋಡೋದು ಕೀಳೋದು, ಸಂದು ನೋಡೋದು ಬಿಡೋದು, ಅವ್ವ ಬದು ಮೇಲಿಂದ ಬೈತಾನೇ ಇರೋದು. ತಾನು ಬೋಳು ಮಾಡಿದ ಮೂಲೆಗೆ ದೊಡ್ಡಬೋರ ದಟ್ಟ ಇರೋ ಕಡೆಯಿಂದ ಪೈರು ತೆಗೆದು ತಾನೇ ನಾಟಿ ಹಾಕಿದ. ಊರಿನ ಗಂಡಸರು ಬಂದು ನೋಡಿ ನಕ್ಕು ನಕ್ಕು ಹೋದ್ರಂತೆ.

ಸರದಿ ದಿನ ತಮ್ಮಯ್ಯ ಬಂದ. ಗಂಡಸರು ಕಿತ್ತ ಕಳೆ ಅಂತ ಕೇಳಿಯೇ ಮೂಗು ಮುರಿದಿದ್ದ. ಬದು ಸುತ್ತಿ, ಕೋಲಲ್ಲಿ ಒಂದು ಗಿಡ ತೋರಿಸಿ, ಇಗೋ ಕಳೆ, ನೀರಿಲ್ಲ ಅಂದುಬಿಟ್ಟ. ಆಗ ದೊಡ್ಡಬೋರ, ಹೊರೆಗಟ್ಟಲೆ ಭತ್ತ ಕಿತ್ತ ಅದೇ ದೊಡ್ಡಬೋರ, ಗದ್ದೆಗಿಳಿದು ಆ ಗಿಡದ ಎಲೆ ಬಗ್ಗಿಸಿ, ಮಾವ, ಸಂದು ನೋಡಿ ಹೇಳು ಅಂದನಂತೆ. ಯಾವ ಸಂದೋ ಅಂದ ತಮ್ಮಯ್ಯ. ಅವನೂ ಗಂಡಸೇ ಅಲ್ವಾ! ಇಷ್ಟು ವರ್ಷ ಕಳೆ ಇದೆ ಕಳೆ ಇದೆ ಅಂತ ನೀರು ನಿಲ್ಲಿಸ್ತಿದ್ದವನು ಒಂದೇ ಒಂದು ದಿನ ಕಳೆ ಕಿತ್ತಿರಲಿಲ್ಲ. ಸುತ್ತಮುತ್ತ ಗದ್ದೆಯ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ಅವನನ್ನೇ ನೋಡಿದ್ರಂತೆ. ತಮ್ಮಯ್ಯ ಕೋಲು ಪಕ್ಕಕ್ಕಿಟ್ಟು, ಹುಟ್ಟಿದ ಮೇಲೆ ಮೊದಲನೇ ಸಲ ಗದ್ದೇಲಿ ಬಗ್ಗಿದ. ಹೆಬ್ಬೆರಳಲ್ಲಿ ಉಜ್ಜಿದ. ಕೂದಲು ಸಿಕ್ತು. ಭತ್ತ ಅಂತ ಗೊಣಗಿ, ಯಾರ ಮುಖವನ್ನೂ ನೋಡದೆ ಹೋಗಿ ತೂಬು ಎತ್ತಿದನಂತೆ.

ಗುಳುಗುಳು ಅಂತ ನೀರು ಬಂತು. ಮಂಚಮ್ಮ ಬದು ಮೇಲೆ ಕೂತು ಊದಿದ ಕಾಲನ್ನ ಆ ನೀರಲ್ಲಿ ಇಳಿಬಿಟ್ಟು, ನಾಲ್ಕು ದಿನದಲ್ಲಿ ಅವತ್ತೇ ಒಂದು ಬೈಗುಳವೂ ಇಲ್ಲದೆ ಸುಮ್ಮನೆ ಉಸಿರು ಬಿಟ್ಟಳಂತೆ. ಆ ವರ್ಷ ಕಾಳು ತುಂಬಿಡೋ ವಾಡೆ ತುಂಬ ಭತ್ತ. ಅವತ್ತಿಂದ ಆ ಊರಲ್ಲಿ ಅನ್ನ ಬೇಕು ಅಂದೋರೆಲ್ಲ ಕಳೆಗೆ ಬಗ್ಗಲೇಬೇಕಂತೆ, ಗಂಡಸಾಗಲಿ ಹೆಂಗಸಾಗಲಿ, ತಮ್ಮಯ್ಯನೂ ಸೇರಿ. ಕತೆ ಗದ್ದೆ ಸೇರ್ತು ಕಣೇ ಕೂಸೇ, ಇನ್ನು ನೀನು ಕಂಬಳಿ ಸೇರು.