ನೆಲದ ಹಾಳೆ, ನೀರಿನ ಹಾಳೆ

ತಿಪ್ಪೇಶ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧಿ, ಅಪ್ಪ ತೀರಿಕೊಂಡಾಗ ಅಣ್ಣ ನನಗೆ ಸುದ್ದಿಯನ್ನೇ ಕಳಿಸಲಿಲ್ಲ. ಆ ಸಿಟ್ಟಿನ ಮೇಲೆ ಈಗ ಸಮಾಧಾನ ಹಾಸಿದ್ದೇನೆ. ಒಳಗೆ ನೋಡಿಕೊಂಡರೆ ಸಮಾಧಾನವೇ ಕಾಣುತ್ತದೆ. ನಾಳೆ ಹೋಗಿ ಅವನ ಜೊತೆ ಒಂದೇ ಮನೆಯಲ್ಲಿ ಇರಬಹುದೇ?"

ಗುರುಗಳು ಹೇಳಿದರು:

ಒಬ್ಬ ಎಂಜಿನಿಯರ್ ಇದ್ದ. ದೊಡ್ಡದೊಂದು ಉಗ್ರಾಣ ಕಟ್ಟುವ ಜಾಗದ ನಕ್ಷೆ ಮಾಡುವುದು ಅವನ ಕೆಲಸ. ಉಗ್ರಾಣಕ್ಕೆ ಆಳವಾದ ನೆಲಮಾಳಿಗೆ ಬೇಕಾಗಿತ್ತು. ಅವನು ನೆಲದ ಏರುತಗ್ಗುಗಳನ್ನು ಅಳೆಸಿ ಕಂಪ್ಯೂಟರಿನಲ್ಲಿ ಒಂದು ಹಾಳೆ ಮಾಡಿದ. ಸುತ್ತಲ ದಿಬ್ಬಗಳಲ್ಲಿ ಹನ್ನೊಂದು ಕೊಳವೆ ಇಳಿಸಿ, ಒಂದೊಂದರಲ್ಲೂ ನೀರು ಎಲ್ಲಿಯವರೆಗೆ ಏರಿ ನಿಲ್ಲುತ್ತದೆಂದು ನೋಡಿ, ಆ ಮಟ್ಟಗಳನ್ನು ಜೋಡಿಸಿ ಇನ್ನೊಂದು ಹಾಳೆ ಮಾಡಿದ. ಒಂದು ನೆಲದ ಹಾಳೆ, ಒಂದು ನೀರಿನ ಹಾಳೆ. ಎರಡನ್ನೂ ಒಂದರ ಮೇಲೊಂದು ಇಟ್ಟ.

ಎಲ್ಲ ಕಡೆಯೂ ನೀರು ನೆಲದ ಕೆಳಗಿತ್ತು. ಒಂದು ತಗ್ಗಿನಲ್ಲಿ ಮಾತ್ರ ನೀರಿನ ಮಟ್ಟ ನೆಲಕ್ಕಿಂತ ಕೈ ಎತ್ತಿದ ಆಳಿನಷ್ಟು ಮೇಲಿತ್ತು. ಪರದೆಯ ಮೇಲೆ ಅಲ್ಲೊಂದು ನೀಲಿ ಕೆರೆ ಮೂಡಿತು. ಉಗ್ರಾಣದ ಜಾಗ ಅದೇ.

ಅವನು ತಗ್ಗಿಗೆ ಹೋಗಿ ನೋಡಿದ. ನಡುಮಧ್ಯಾಹ್ನ. ಉಗ್ರಾಣಕ್ಕೆ ಬಿಟ್ಟ ಬಯಲಿನ ಪಕ್ಕ ಹನ್ನೆರಡು ಮನೆ, ಎಲ್ಲೆಲ್ಲೂ ಧೂಳು. ಒಬ್ಬ ಮುದುಕಿ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಅವಳ ಪಕ್ಕದಲ್ಲಿ ನಿಂತು ಅವನು ಕೈ ಮೇಲೆತ್ತಿದ. ಲೆಕ್ಕದ ಪ್ರಕಾರ ನೀರು ಅವನ ಬೆರಳ ತುದಿಯ ಹತ್ತಿರ ಇರಬೇಕಾಗಿತ್ತು. ತಾನು ಉಸಿರು ಬಿಗಿಹಿಡಿದಿರುವುದು ಅವನಿಗೆ ಆಮೇಲೆ ಗೊತ್ತಾಯಿತು.

"ಇಲ್ಲಿ ನೀರು ನಿಲ್ಲುತ್ತದೆಯೇನಮ್ಮ?"

"ನಿಂತದ್ದನ್ನು ನಾನು ಕಂಡಿಲ್ಲ ಸ್ವಾಮಿ. ಆದರೆ ನಾವು ಇಲ್ಲಿ ಬಾವಿ ತೋಡುವುದಿಲ್ಲ. ಸತ್ತವರನ್ನೂ ದಿಬ್ಬಕ್ಕೆ ಒಯ್ಯುತ್ತೇವೆ. ಆಡಿನ ಗೂಟವನ್ನೂ ಆಳಕ್ಕೆ ಹೊಡೆಯುವುದಿಲ್ಲ."

"ಯಾಕೆ?"

"ನಮ್ಮತ್ತೆ ಹೊಡೆಯುತ್ತಿರಲಿಲ್ಲ. ನಾನು ಕೇಳಲಿಲ್ಲ."

ಅವನು ತನ್ನ ಕಾಲಿಗೆ ಮೆತ್ತಿದ ಧೂಳನ್ನು ನೋಡಿಕೊಂಡ. ಕೊಳವೆಯ ಅಳತೆ ಎಲ್ಲೋ ತಪ್ಪಿರಬೇಕು ಎಂದುಕೊಂಡ. ಕಚೇರಿಗೆ ಮರಳಿ ಎರಡು ಹಾಳೆಗಳನ್ನೂ ಕೂಡಿಸಿ ಒಂದು ಮಾಡಿದ. ಹಾಗೆ ಕೂಡಿಸುವಾಗ ಆ ಯಂತ್ರ ಕೊನೆಗೆ ಇಟ್ಟದ್ದನ್ನೇ ಉಳಿಸಿಕೊಳ್ಳುತ್ತದೆ. ಅವನು ನೆಲದ ಹಾಳೆಯನ್ನು ಕೊನೆಗೆ ಇಟ್ಟ. ಕೆರೆ ಅಳಿಸಿಹೋಯಿತು. ಆ ಒಂದು ನಕ್ಷೆಯನ್ನು ಅಗೆಯುವವರಿಗೆ ಕಳಿಸಿದ. ಕೆರೆ ಕಂಡಿದ್ದ ವಿಷಯ ಯಾರಿಗೂ ಹೇಳಲಿಲ್ಲ.

ಅಗೆತ ಶುರುವಾದ ಆರನೆಯ ದಿನ ಮೇಸ್ತ್ರಿ ಫೋನ್ ಮಾಡಿದ.

"ಸಾರ್, ಗುಂಡಿಯ ತಳ ಉಬ್ಬುತ್ತಿದೆ. ನಿನ್ನೆ ಮಟ್ಟ ಮಾಡಿ ಹೋಗಿದ್ದೆವು, ಇವತ್ತು ಒಂದು ಗೇಣು ಎದ್ದಿದೆ. ಮೇಲೆ ನಿಂತರೆ ಯಾರದೋ ಹೊಟ್ಟೆ ತುಳಿದ ಹಾಗಾಗುತ್ತದೆ. ಹುಡುಗರು ಇಳಿಯಲು ಹೆದರುತ್ತಿದ್ದಾರೆ."

"ನೀರಿದೆಯೇ?"

"ಒಂದು ಹನಿಯೂ ಇಲ್ಲ."

ಎಂಜಿನಿಯರಿಗೆ ಆ ನೀಲಿ ಕೆರೆ ನೆನಪಾಯಿತು. ಹೇಳಬೇಕೆಂದು ಬಾಯಿ ತೆರೆದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂದು ಹೆದರಿ ಅದನ್ನು ನುಂಗಿಕೊಂಡ.

"ಉಬ್ಬಿದ್ದನ್ನು ಕೆರೆದು ಮಟ್ಟ ಮಾಡಿ," ಎಂದ.

ಮನಸ್ಸು ತಡೆಯದೆ ಒಂದು ಗಂಟೆಯಲ್ಲಿ ತಾನೇ ಹೊರಟ. ಅವನು ಮುಟ್ಟುವ ಹೊತ್ತಿಗೆ ನೀರು ಬಂದಿತ್ತು. ತಗ್ಗಿನ ಅಡಿಯಲ್ಲಿ ಗಟ್ಟಿ ಜೇಡಿಮಣ್ಣಿನ ಪದರವೊಂದಿತ್ತು. ಅಷ್ಟು ಕಾಲವೂ ನೀರನ್ನು ಅದುಮಿ ಹಿಡಿದಿದ್ದದ್ದು ಅದೇ. ಕೊನೆಯ ಗೇಣನ್ನು ಕೆರೆದಾಗ ಅದು ಬಿಟ್ಟುಕೊಟ್ಟಿತು. ಮೇಸ್ತ್ರಿ ಹುಡುಗರನ್ನೆಲ್ಲ ಏಣಿ ಹತ್ತಿಸಿದ. ತನಗೆ ಹತ್ತಲಾಗಲಿಲ್ಲ.

ನೀರಿಗೆ ಸದ್ದೇ ಇರಲಿಲ್ಲ. ತಿಳಿಯಾಗಿತ್ತು, ತಣ್ಣಗಿತ್ತು. ಗುಂಡಿ ತುಂಬಿ, ಅಂಚು ದಾಟಿ, ಒಂದೊಂದೇ ಹೊಸ್ತಿಲು ಹತ್ತಿತು. ಜನ ಮಕ್ಕಳನ್ನೂ ಆಡುಗಳನ್ನೂ ಹೊತ್ತು ದಿಬ್ಬ ಸೇರಿದರು. ಮುದುಕಿ ಎಂಜಿನಿಯರನ್ನು ಗುರುತು ಹಿಡಿದು ನೋಡಿದಳು.

ಮೂರನೆಯ ದಿನ ನೀರು ನಿಂತಿತು. ಅವನು ದಡದಲ್ಲಿ ಮಟ್ಟ ಅಳೆದ. ಅಳಿಸಿದ ಹಾಳೆಯಲ್ಲಿ ಇದ್ದಷ್ಟೇ ಇತ್ತು, ಬೆರಳಗಲವೂ ಹೆಚ್ಚುಕಮ್ಮಿ ಇಲ್ಲ. ದಡದ ಒಂದೊಂದು ತಿರುವೂ ಅವನಿಗೆ ಪರಿಚಯದ್ದು. ನಡುವೆ ಹನ್ನೆರಡು ಸೂರುಗಳು ಅಲುಗದೆ ಕೂತಿದ್ದವು.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶ ಹೇಳಿದ: "ಬುದ್ಧಿ, ನಾನು ಹಳೆಯದನ್ನು ಅಗೆಯಲು ಹೋಗುತ್ತಿಲ್ಲ. ಆ ಮಾತನ್ನೇ ಎತ್ತುವುದಿಲ್ಲ."

"ಅಗೆಯುವವನು ನೀನಲ್ಲ, ತಿಳಿಯದೆ ಅಗೆಯುವವನು ನಿನ್ನ ಅಣ್ಣ," ಎಂದರು ಗುರುಗಳು. "ಅವನ ಕೈಗೆ ಯಾವ ನಕ್ಷೆ ಕೊಟ್ಟಿದ್ದೀಯೆ?"